ಮಡಿಲಕ್ಕಿ ಹಾಕಿ ಎಬ್ಬಿಸಿದ ಗುಡಾರ

ಬೂದಿಗೆರೆ ಆಸುಪಾಸಿನಲ್ಲಿ ಮುನಿರತ್ನಮ್ಮನ ಬಾಯಿಗೆ ಹೆದರದವರು ಯಾರಿದ್ದರು ಹೇಳಿ! ಬಳೆಗಾರ ಅವಳ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ. ಅಳತೆಯಲ್ಲಿ ಕೈಚಳಕ ತೋರಿಸಿದ ಎಣ್ಣೆಯವನಾಗಲಿ, ಮಂಗಳಾರತಿ ಮುಗಿಯುವ ಮೊದಲೇ ತೆಂಗಿನ ಹೋಳಿನ ಮೇಲೆ ಕಣ್ಣಿಟ್ಟ ಪೂಜಾರಿಯಾಗಲಿ, ಒಬ್ಬರನ್ನೂ ಸುಮ್ಮನೆ ಬಿಟ್ಟವಳಲ್ಲ. ಬೈಯುವುದೂ ಹೇಗೆ ಅಂತೀರಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೈಸಿಕೊಂಡವನು ಮನೆ ಸೇರುವವರೆಗೂ ಕೇಳಿಸುವ ಹಾಗೆ.

ಅವಳ ಗಂಡ ವೆಂಕಟರಮಣಪ್ಪ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುವುದು ಬಿಟ್ಟು ಬೇರೆ ಕಸುಬು ಕಂಡವನಲ್ಲ. ತಮ್ಮ ಆದಿನಾರಾಯಣಪ್ಪ ಹಗಲನ್ನು ರಾತ್ರಿ ಅಂದರೆ ಇವನು ಹಾಸಿಗೆ ಬಿಚ್ಚುತ್ತಿದ್ದ. ಅಣ್ಣತಮ್ಮಂದಿರು ಪಾಲಾದ ಮೇಲೆ ಇವನ ಪಾಲಿಗೆ ಬಂದ ಗದ್ದೆಯನ್ನು ತಮ್ಮ "ನಾನೇ ನೋಡ್ಕೋತೀನಿ ಬಿಡಣ್ಣ" ಅಂದ. ನೋಡಿಕೊಳ್ಳುತ್ತಾ ನೋಡಿಕೊಳ್ಳುತ್ತಾ ಇಟ್ಟುಕೊಂಡೇಬಿಟ್ಟ. ಉಳಿದದ್ದು ದೇವನಹಳ್ಳಿ ರಸ್ತೆ ಬದಿಯ ಎರಡೆಕರೆ ಕೆಮ್ಮಣ್ಣಿನ ಹೊಲ. ಅದು ಮುನಿರತ್ನಮ್ಮನ ಅಪ್ಪ ಮದುವೆಯಲ್ಲಿ ಮಗಳ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟದ್ದು, ಅದಕ್ಕೇ ಉಳಿದಿತ್ತು. ಮಕ್ಕಳಿಲ್ಲದ ಆ ಮನೆಗೆ ವರ್ಷದ ಹಿಟ್ಟು ಅಲ್ಲಿಂದಲೇ ಬರಬೇಕು. ಮೈದುನನ ನೇಗಿಲು ಒಂದು ಸಲ ಆ ಹೊಲಕ್ಕೆ ಇಳಿದರೆ ಮತ್ತೆ ಮೇಲೆ ಏಳುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಪ್ರತಿ ವರ್ಷ ಅಪ್ಪಯ್ಯಣ್ಣ ಅನ್ನುವವನ ಎತ್ತು ಬಾಡಿಗೆಗೆ ಕರೆಸಿ, ಮುಂದೆ ನಿಂತು ಉಳುಮೆ ಮಾಡಿಸಿ, ತಾನೇ ಕಳೆ ಕಿತ್ತು ರಾಗಿ ಬೆಳೆಯುತ್ತಿದ್ದಳು.

ಎಪ್ಪತ್ತಮೂರನೇ ಇಸವಿ ಬೇಸಿಗೆಯಲ್ಲಿ ಒಂದು ದಿನ ಸೆಗಣಿ ಬುಟ್ಟಿ ಹೊತ್ತು ಹೊಲಕ್ಕೆ ಹೋದರೆ ಅಲ್ಲಿ ಒಂದು ಊರೇ ಎದ್ದು ನಿಂತಿದೆ! ಈಚಲು ಚಾಪೆ, ಹರಕು ಗೋಣಿತಾಟು, ಬಿದಿರು ಗಳ ಕಟ್ಟಿ ಏಳೆಂಟು ಗುಡಾರ. ಕತ್ತೆಗಳು ಬದುವಿನ ಹುಲ್ಲು ಮೇಯುತ್ತಿವೆ, ನಾಯಿಗಳು ಅವಳನ್ನೇ ನೋಡಿ ಬೊಗಳುತ್ತಿವೆ, ಅವಳ ಹೊಲದಲ್ಲಿ ನಿಂತುಕೊಂಡು! ರಸ್ತೆ ಅಗಲ ಮಾಡುವ ಕೆಲಸಕ್ಕೆ ಜಲ್ಲಿ ಒಡೆಯಲು ಬಂದ ಕಲ್ಲು ಕೆಲಸದವರು.

"ಏನ್ರಲಾ, ನಿಮ್ಮಪ್ಪನ ಮನೆ ಹೊಲ ಅಂದ್ಕೊಂಡ್ರಾ? ಕೀಳ್ರಲಾ ಗುಡಾರ!"

ಅವರ ಹಿರಿಯ ಸೊಣ್ಣಪ್ಪ ಸುತ್ತಿಗೆ ಕೆಳಗಿಟ್ಟು ಕೈ ಮುಗಿದ. "ಅಮ್ಮೋರೆ, ಮೇಸ್ತ್ರಿ ಇಲ್ಲಿ ಇಳೀರಿ ಅಂದ್ರು, ಇಳಿದ್ವಿ. ಮೇಸ್ತ್ರಿ ಏಳಿ ಅಂದ್ರೆ ಏಳ್ತೀವಿ."

ಆ ಮೇಸ್ತ್ರಿ ಎಲ್ಲಿದ್ದಾನೆ ಅಂದರೆ ಬೆಂಗಳೂರಿನಲ್ಲಿ. ಯಾವಾಗ ಬರುತ್ತಾನೆ ಅಂದರೆ ದೇವರಿಗೇ ಗೊತ್ತು. ಮುನಿರತ್ನಮ್ಮ ಅವತ್ತು ಗಂಟಲು ಕಟ್ಟುವವರೆಗೆ ಬೈದಳು. ಅವರು ತೆಲುಗಿನವರು, ಅರ್ಧ ಅರ್ಥವಾಗಲಿಲ್ಲ, ಇನ್ನರ್ಧ ಅವರಿಗೆ ಅಭ್ಯಾಸವಾಗಿತ್ತು. ಕೊನೆಗೆ ಒಬ್ಬ ಮುದುಕಿ ಒಂದು ಚೆಂಬು ನೀರು ತಂದುಕೊಟ್ಟಳು, ಪಾಪ ಬಾಯಿ ಒಣಗಿರಬೇಕು ಅಂತ. ಆ ಚೆಂಬನ್ನು ಮುನಿರತ್ನಮ್ಮ ಮುಟ್ಟಲಿಲ್ಲ.

ಮಳೆ ಬೀಳುವ ಮೊದಲು ಹೊಲ ಖಾಲಿಯಾಗಲೇಬೇಕು. ಠಾಣೆಗೆ ಹೋದಳು. ದಫೇದಾರ್ ಇಮಾಮ್ ಸಾಬ್ ಸೈಕಲ್ ಮೇಲೆ ಬಂದು, ಗುಡಾರಗಳ ಸುತ್ತ ಒಂದು ಸುತ್ತು ಹಾಕಿ, ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಕಳ್ಳತನ ಮಾಡಿದ್ರೇನಮ್ಮಾ?"

"ಇಲ್ಲ."

"ಹೊಡೆದ್ರಾ? ಬೈದ್ರಾ?"

"ಬೈದೋಳು ನಾನು."

"ಹಂಗಾದ್ರೆ ಕಂಪ್ಲೇಂಟು ಅವ್ರು ಕೊಡ್ಬೇಕು ಕಣಮ್ಮ, ನೀನಲ್ಲ" ಅಂದು ನಕ್ಕು, "ಇದು ಸಿವಿಲ್ಲು, ವಕೀಲರ ಹತ್ರ ಹೋಗು" ಅಂತ ಸೈಕಲ್ ಹತ್ತಿದ. "ಮೀಸೆ ಮಾತ್ರ ಎರಡು ಗೇಣು ಬಿಟ್ಟವ್ನೆ, ಮೂರು ಕತ್ತೆ ಓಡಿಸೋಕಾಗ್ಲಿಲ್ಲ" ಅಂತ ಮುನಿರತ್ನಮ್ಮ ಅವನ ಬೆನ್ನಿಗೆ ಉಗಿದಳು.

ದೇವನಹಳ್ಳಿಯ ವಕೀಲ ನರಸಿಂಹಯ್ಯ ಇನ್ನೂ ಒಂದು ಕೈ ಮೇಲು. ನೋಟೀಸು ಕಳಿಸೋಣ ಅಂದ. ಗುಡಾರದವರ ಹೆಸರು, ತಂದೆಯ ಹೆಸರು, ವಾಸಸ್ಥಳ ಹೇಳು ಅಂದ.

"ವಾಸಸ್ಥಳ ನನ್ನ ಹೊಲ ಸ್ವಾಮಿ, ಅದಕ್ಕೇ ತಾನೇ ಬಂದಿರೋದು!"

"ಅಯ್ಯಯ್ಯೋ, ಹಂಗೆ ಬರೆಯೋಕಾಗುತ್ತೇನಮ್ಮ? ಅವರು ಅಲ್ಲಿ ವಾಸ ಇದ್ದಾರೆ ಅಂತ ನೀನೇ ಒಪ್ಪಿಕೊಂಡಂಗಾಗುತ್ತೆ!" ಅಂತ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚನೆ ಮಾಡಿದ. ಯೋಚನೆಯೋ ನಿದ್ದೆಯೋ! ಮುನಿರತ್ನಮ್ಮ ಎದ್ದು ಬಂದುಬಿಟ್ಟಳು.

ಇನ್ನು ಈ ಗಂಡಸರನ್ನು ನೆಚ್ಚಿಕೊಂಡರೆ ಆದ ಹಾಗೇ ಇದೆ ಅಂತ ತಾನೇ ಕೈ ಹಾಕಿದಳು. ಗುಡಾರಗಳ ದಾರಿಗೆ ಎರಡು ಗಾಡಿ ಜಾಲಿ ಮುಳ್ಳು ತಂದು ಸುರಿಸಿದಳು. ಗುಡಾರದವರು ಅದನ್ನು ಒಲೆಗೆ ಹಾಕಿಕೊಂಡು, ಸೌದೆ ಕೊಟ್ಟ ಪುಣ್ಯಾತ್ಗಿತ್ತಿ ಅಂತ ಅವಳನ್ನು ಕಂಡಾಗಲೆಲ್ಲ ಕೈ ಮುಗಿದರು. ತಿಪ್ಪೆಯ ಗೊಬ್ಬರವನ್ನೆಲ್ಲ ಹೊಡೆಸಿ ಗುಡಾರಗಳ ಬಾಗಿಲಿಗೇ ಗುಡ್ಡೆ ಹಾಕಿಸಿದಳು, ನಾತಕ್ಕಾದರೂ ಏಳಲಿ ಅಂತ. ಅವರ ಕೋಳಿಗಳು ಅದನ್ನು ಕೆದರಿ ಕೆದರಿ ಹೊಲದ ತುಂಬ ಚೆನ್ನಾಗಿ ಹರಡಿದವು. ಊರಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಆಗ ಬಂದ ನೋಡಿ ಮೈದುನ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ. ಒಂದು ಕಾಲದಲ್ಲಿ ಪಂಚಾಯ್ತಿ ಚೇರ್ಮನ್ ಆಗಿದ್ದವನು, ಪದವಿ ಹೋಗಿ ಎಷ್ಟು ವರ್ಷವಾಗಿದ್ದರೂ ಕುರ್ಚಿ ತನ್ನ ಕೆಳಗೇ ಇದೆ ಅನ್ನುವ ಹಾಗೆ ಕೂರುತ್ತಿದ್ದ ಮಹಾನುಭಾವ.

"ಅತ್ತಿಗೆ, ಗಂಡಸರ ಕೆಲಸ ಗಂಡಸರು ಮಾಡ್ಬೇಕು. ಈ ವರ್ಷ ಹೊಲ ನನಗೆ ವಾರಕ್ಕೆ ಬಿಡಿ. ವಾರದ ಪಾಲು ಅಂತ ಅರ್ಧ ರಾಗಿ ಮನೆಗೆ ತಂದು ಸುರೀತೀನಿ. ನಾಳೆ ಬೆಳಿಗ್ಗೆ ಒಂದು ಗುಡಾರ ಇರಲ್ಲ ನೋಡಿ."

ವೆಂಕಟರಮಣಪ್ಪ ಜಗಲಿಯಿಂದಲೇ "ತಮ್ಮ ಹೇಳೋದು ಸರಿಯಾಗೈತೆ ಕಣೆ" ಅಂದ.

"ನಿಮ್ಮ ತಮ್ಮ ಹೇಳಿದ್ದು ಯಾವತ್ತು ತಪ್ಪಾಗಿತ್ತು? ಗದ್ದೆ ಎಲ್ಲೋಯ್ತು ಅಂತ ಮೊದಲು ಕೇಳಿ" ಅಂದು ಮುನಿರತ್ನಮ್ಮ ಒಳಗೆ ಹೋದಳು. ಬಾಯಲ್ಲಿ ಹಾಗೆ ಅಂದರೂ ಹಿತ್ತಲಿಗೆ ಹೋಗಿ ಮುಗಿಲು ನೋಡಿದಳು. ಮೋಡ ಕಟ್ಟುತ್ತಿದ್ದವು, ಬೇರೆಯವರ ಹೊಲಗಳಲ್ಲಿ ಒಂದು ಸಾಲು ಉಳುಮೆ ಆಗಿಹೋಗಿತ್ತು.

ದಾರಿ ಸಿಕ್ಕಿದ್ದು ಬಾವಿಯ ಹತ್ತಿರ. ಹೊಲದ ಮೂಲೆಯ ಬಾವಿಯಲ್ಲಿ ಸೊಣ್ಣಪ್ಪನ ಸೊಸೆ ನೀರು ಸೇದುತ್ತಿದ್ದಳು. ಮುತ್ಯಾಲಮ್ಮ ಅಂತ ಹೆಸರು, ಏಳು ತಿಂಗಳ ಬಸುರಿ. ಹಗ್ಗ ಎಳೆಯಲಾರದೆ ಏದುಸಿರು ಬಿಡುತ್ತಿದ್ದಳು. ಬೈಯಲು ಹೋದ ಮುನಿರತ್ನಮ್ಮ, "ಬಿಡೇ ಇಲ್ಲಿ, ಮಗೀನ ಬಾವಿಗೆ ಹೆರ್ತೀಯಾ?" ಅಂತ ಹಗ್ಗ ಕಿತ್ತುಕೊಂಡು ತಾನೇ ಸೇದಿಕೊಟ್ಟಳು. "ಈ ಹೊತ್ತಲ್ಲಿ ತವರಿಗೆ ಹೋಗೋದು ಬಿಟ್ಟು ಇಲ್ಲೇನೇ ನಿಂದು?"

"ನಂಗೆ ತವರಿಲ್ಲ ಅಮ್ಮೋರೆ. ಚಿಕ್ಕೋಳಿದ್ದಾಗಲೇ ಅಮ್ಮ ಹೋದ್ಲು. ಒಂದು ದಿನಕ್ಕೂ ಯಾರೂ ನಂಗೆ ಒಡಿಬಿಯ್ಯಂ ಕಟ್ಟಿಲ್ಲ." ನಮ್ಮಲ್ಲಿ ಮಡಿಲಕ್ಕಿ ಅನ್ನುವುದಕ್ಕೆ ಅವರಲ್ಲಿ ಒಡಿಬಿಯ್ಯಂ ಅನ್ನುತ್ತಾರೆ. ತವರಿನಿಂದ ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ತಾಯಿ ಅಕ್ಕಿ, ಬೆಲ್ಲ, ಕಾಯಿ ತುಂಬಿ ಕಳಿಸುವ ಶಾಸ್ತ್ರ. ತುಂಬಿದ ಮೇಲೆ ಹೆಣ್ಣು ಅಲ್ಲಿ ರಾತ್ರಿ ಮಲಗುವ ಹಾಗಿಲ್ಲ, ದೀಪ ಹಚ್ಚುವ ಮೊದಲೇ ಹೊರಡಬೇಕು.

ಕೊಡ ಸೊಂಟಕ್ಕಿಟ್ಟುಕೊಂಡು ಆ ಹುಡುಗಿ ಮತ್ತೊಂದು ಮಾತು ಹೇಳಿದಳು. "ನಮ್ಮೇಲೆ ಕೋಪ ಮಾಡ್ಕೋಬೇಡಿ ಅಮ್ಮೋರೆ. ಮೇಸ್ತ್ರಿ ಕೆರೆ ಅಂಗಳದಾಗೆ ಇಳಿಸ್ತಿದ್ರು. ಆ ಬಿಳಿ ಪಂಚೆ ಯಜಮಾನ್ರೇ ಬಂದು, ನಮ್ಮ ಹೊಲದಾಗೆ ಇಳೀರಿ, ನಾನು ಹೇಳೋಗಂಟ ಏಳ್ಬೇಡಿ ಅಂದ್ರು."

ಅಯ್ಯೋ ಪಾಪಿ! ಗುಡಾರ ಹಾಕಿಸಿದವನೂ ಇವನೇ, ಕೀಳಿಸುತ್ತೇನೆ ಅಂತ ಬಂದವನೂ ಇವನೇ. ಬಾವಿಕಟ್ಟೆಯ ಮೇಲೆ ಕೂತು ಯೋಚಿಸಿದ ಮುನಿರತ್ನಮ್ಮನ ಮುಖದಲ್ಲಿ ನಗು ಬಂತು.

ಶುಕ್ರವಾರ ಮಧ್ಯಾಹ್ನ ಮೊರದಲ್ಲಿ ಒಂದು ಸೇರು ಅಕ್ಕಿ, ಎರಡಚ್ಚು ಬೆಲ್ಲ, ಕಾಯಿ, ಎಲೆ ಅಡಿಕೆ, ಹಸಿರು ರವಿಕೆ ಕಣ ಇಟ್ಟುಕೊಂಡು ಹೊಲಕ್ಕೆ ಹೋದಳು. ಮುತ್ಯಾಲಮ್ಮನನ್ನು ಮೂಡಲ ಮುಖಕ್ಕೆ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಸೆರಗು ಒಡ್ಡಿಸಿ ಸೇರಕ್ಕಿಯನ್ನೂ ಬೆಲ್ಲ ಕಾಯಿಯನ್ನೂ ತುಂಬಿದಳು. ಕಲ್ಲು ಒಡೆಯುವ ಸದ್ದು ನಿಂತೇಹೋಯಿತು. ಹುಡುಗಿ ಅಳುತ್ತಾ ಕಾಲಿಗೆ ಬಿದ್ದು "ಅವ್ವಾ" ಅಂದಳು. ಹೆತ್ತವಳನ್ನು ಕರೆಯುವ ಹಾಗೆ ಕರೆದಳು. ಮುನಿರತ್ನಮ್ಮ "ಏಳು ಏಳು, ಸಂಜೆ ಆಯ್ತದೆ" ಅಂದಳು. ಅವಳ ತಲೆಯಲ್ಲಿ ಇದ್ದದ್ದು ಸಂಜೆ ಮಾತ್ರ.

ಸೊಣ್ಣಪ್ಪ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಮಡಿಲು ತುಂಬಿದ ಬಸುರಿ ಆ ನೆಲದಲ್ಲಿ ಮಲಗಿದರೆ ಹೊಟ್ಟೆಯಲ್ಲಿರುವುದಕ್ಕೆ ಆಗಿಬರುವುದಿಲ್ಲ. ಅವಳೊಬ್ಬಳನ್ನೇ ಕಳಿಸಿ ಇವರು ಉಳಿಯುವಂತಿಲ್ಲ. ಬಿಳಿ ಪಂಚೆಯವನ ಮಾತು ಮೀರಬಹುದು, ಶಾಸ್ತ್ರ ಮೀರುವುದುಂಟೆ? ಹೊತ್ತು ಮುಳುಗುವುದರೊಳಗೆ ಚಾಪೆ ಸುರುಳಿ ಕತ್ತೆಯ ಮೇಲೆ ಏರಿತು. ಹೊಸಕೋಟೆ ಕಡೆ ನಡೆದರು. ಬೆಳಿಗ್ಗೆ ಅಪ್ಪಯ್ಯಣ್ಣನ ಎತ್ತುಗಳು ಹೊಲಕ್ಕೆ ಇಳಿದವು.

ಆಮೇಲೆ ಮುನಿರತ್ನಮ್ಮನನ್ನು ಹಿಡಿಯುವವರು ಯಾರು! ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ, ಮದುವೆ ಚಪ್ಪರದ ಕೆಳಗೆ, ಎಲ್ಲಿ ನಾಲ್ಕು ಹೆಂಗಸರು ಸಿಕ್ಕರೂ ಅದೇ ಕಥೆ. "ಪೊಲೀಸಿನೋನ್ ಕೈಲಾಗ್ಲಿಲ್ಲ, ಲಾಯರ್ ಕೈಲಾಗ್ಲಿಲ್ಲ. ಒಂದು ಸೇರಕ್ಕೀಲಿ ಎಬ್ಬಿಸ್ದೆ ಕಣ್ರೇ! ಅದೂ ಹುಳ ಹಿಡಿದ ಅಕ್ಕಿ! ಅವ್ವಾ ಅಂತ ಕಾಲಿಗೆ ಬಿದ್ದವ್ಳೆ ಆ ಮಂಕು ಮುಂಡೇದು!" ಅಕ್ಕಿಗೆ ಹುಳ ಹಿಡಿದಿರಲಿಲ್ಲ, ಹೊಸ ಅಕ್ಕಿಯೇ ಹಾಕಿದ್ದಳು. ಕಥೆ ಚೆನ್ನಾಗಿರಲಿ ಅಂತ ಹುಳ ಸೇರಿಸಿದ್ದು.

ಮುಂದಿನ ವರ್ಷದ ಗೌರಿ ಹಬ್ಬದ ಹಿಂದಿನ ದಿನ ಹಿತ್ತಲ ಬಾಗಿಲಲ್ಲಿ ಯಾರೋ "ಅವ್ವಾ" ಅಂದರು. ಬಂದು ನೋಡಿದರೆ ಮುತ್ಯಾಲಮ್ಮ, ಕಂಕುಳಲ್ಲಿ ದುಂಡನೆಯ ಹೆಣ್ಣು ಕೂಸು. ತವರಿಗೆ ಗೌರಿ ಬಾಗಿನಕ್ಕೆ ಬಂದಿದ್ದಾಳೆ! ಮಡಿಲಕ್ಕಿ ಹಾಕಿಸಿಕೊಂಡು ಹೋದ ಮಗಳು ಹಬ್ಬಕ್ಕೆ ಬರದೆ ಇರುತ್ತಾಳೆಯೇ? ಎಬ್ಬಿಸುವ ಉಮೇದಿನಲ್ಲಿ ಮುನಿರತ್ನಮ್ಮ ಇದನ್ನು ಮರೆತೇಬಿಟ್ಟಿದ್ದಳು, ನೋಡಿ ಬುದ್ಧಿವಂತಿಕೆ! ಬೀದಿಯ ಕಡೆ ಒಂದು ಸಲ ಹಣಿಕಿ ನೋಡಿ, ಯಾರಿಗೂ ಕಾಣದ ಹಾಗೆ ದನದ ಕೊಟ್ಟಿಗೆಯಲ್ಲಿ ಕೂರಿಸಿ ಕಡುಬು ಹಾಕಿದಳು, ರವಿಕೆ ಕಣ ಕೊಟ್ಟಳು. ಕೂಸು ಇವಳ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಮಧ್ಯಾಹ್ನ ಇಬ್ಬರೂ ಹೊಲಕ್ಕೆ ಹೋಗಿ ರಾಗಿಯ ಕಳೆ ಕಿತ್ತರು. "ಚೆಂದಾಗಿ ಕೀಳ್ತೀಯಲ್ಲೇ" ಅಂದುಬಿಟ್ಟಳು ಮುನಿರತ್ನಮ್ಮ. ಒಬ್ಬರನ್ನು ಮೆಚ್ಚಿ ಆಡಿದ ಮಾತು ಅವಳ ಬಾಯಿಂದ ಬಂದದ್ದು ಎಷ್ಟು ವರ್ಷದ ಮೇಲೋ. ಊರಿಗೆ ಮಾತ್ರ ಇದನ್ನು ಹೇಳಲಿಲ್ಲ. ಊರಿಗೆ ಹುಳ ಹಿಡಿದ ಅಕ್ಕಿಯ ಕಥೆಯೇ ನಡೆಯುತ್ತಿತ್ತು.

ಅಷ್ಟು ಹೊತ್ತಿಗೆ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದಿತ್ತು. ಬೇರೆ ಊರುಗಳಲ್ಲಿ ಅದರಿಂದ ಬಡವರ ಹೊಟ್ಟೆ ತಣ್ಣಗಾಯಿತು, ಸಂತೋಷ. ನಮ್ಮ ಆದಿನಾರಾಯಣಪ್ಪನಂಥವರೂ ಆ ಸಾಲಿನಲ್ಲಿ ನುಗ್ಗಿ ನಿಂತರು ನೋಡಿ, ಥೂ! ಜನ್ಮದಲ್ಲಿ ನೇಗಿಲ ಮೇಣಿ ಹಿಡಿಯದ ಈತ, "ಅತ್ತಿಗೆಯ ಎರಡೆಕರೆ ಎಷ್ಟೋ ವರ್ಷದಿಂದ ನಾನೇ ವಾರಕ್ಕೆ ಉಳ್ತಾ ಇದ್ದೀನಿ, ನನಗೇ ಸೇರಬೇಕು" ಅಂತ ಅರ್ಜಿ ಗುಜರಾಯಿಸಿದ. ಎಪ್ಪತ್ತೈದರ ಗೌರಿ ಹಬ್ಬದ ಹಿಂದಿನ ದಿನ ವಿಚಾರಣೆಗೆ ಅಧಿಕಾರಿಯೊಬ್ಬರು ಊರಿಗೆ ಬಂದು ಸ್ಕೂಲಿನ ವರಾಂಡದಲ್ಲಿ ಕೂತರು. ಊರಿಗೆ ಊರೇ ಸೇರಿತ್ತು.

ಆದಿನಾರಾಯಣಪ್ಪನ ಕಡೆ ಇಬ್ಬರು ಅವನೇ ಉಳುತ್ತಿದ್ದ ಅಂತ ಗಿಳಿಪಾಠ ಒಪ್ಪಿಸಿದರು. ಮುನಿರತ್ನಮ್ಮನ ಕಡೆ ಅಪ್ಪಯ್ಯಣ್ಣ ಬಂದು, ತಲೆ ಕೆರೆದು, "ಯಾರ ಹೊಲ ಉತ್ನೋ ನೆಪ್ಪಿಲ್ಲ ಸೋಮಿ" ಅಂದ. ನೆಪ್ಪಿಲ್ಲವಂತೆ! ತನ್ನ ಎತ್ತಿನ ಗೊರಸಿಗೆ ಅಂಟಿದ ಮಣ್ಣು ಯಾರದು ಅಂತ ನೆಪ್ಪಿಲ್ಲವಂತೆ ಈ ಗಂಡಸಿಗೆ! ಅಧಿಕಾರಿ ಕೊನೆಗೆ ಗಂಡನನ್ನು ಕೇಳಿದರು. ವೆಂಕಟರಮಣಪ್ಪ ತಮ್ಮನ ಮುಖ ನೋಡಿ, "ಎಲ್ಲಾ ನಮ್ಮ ತಮ್ಮನಿಗೇ ಗೊತ್ತು ಬುದ್ಧಿ" ಅಂದ. ಬೈಸಿಕೊಳ್ಳದೆ ಉಳಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಮಾತಾಡಲು ಇನ್ನೊಬ್ಬರು ಮುಂದೆ ಬರಲಿಲ್ಲ. ಮುನಿರತ್ನಮ್ಮ ಕಂಬಕ್ಕೆ ಒರಗಿ ನಿಂತಿದ್ದಳು.

ಮನೆಗೆ ಬೀಗ ಕಂಡು ಹುಡುಕಿಕೊಂಡು ಬಂದ ಮುತ್ಯಾಲಮ್ಮ ಕೂಸನ್ನೆತ್ತಿಕೊಂಡು ಆ ಗುಂಪಿನ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ತಡೆಯಲಾರದೆ ಮುಂದೆ ಬಂದಳು.

"ಸುಳ್ಳು ಸ್ವಾಮಿ. ಎರಡು ವರ್ಷದ ಹಿಂದೆ ನಾವು ಆ ಹೊಲದಾಗೇ ಇದ್ವಿ. ನಮ್ಮನ್ನ ಅಲ್ಲಿ ಇಳಿಸಿದೋರೇ ಈ ಯಜಮಾನ್ರು. ಇವರ ನೇಗಿಲು ಒಂದು ದಿನಾನೂ ಬರ್ಲಿಲ್ಲ. ಗೊಬ್ಬರ ಹೊಡೆಸಿದ್ದು ಅವ್ವ. ಹೋದ ಗೌರೀಗೆ ಬಂದಾಗ ಅವ್ವನ ಜೊತೆ ನಾನೇ ರಾಗಿ ಕಳೆ ಕಿತ್ತಿದ್ದೀನಿ."

ಅಧಿಕಾರಿ ಪೆನ್ನು ಎತ್ತಿಕೊಂಡರು. ಬೆಳಗಿನಿಂದ ನೆಟ್ಟಗೆ ಮಾತಾಡಿದವಳು ಇವಳೊಬ್ಬಳೇ. "ನೀನು ಈಕೆಗೆ ಏನಾಗಬೇಕಮ್ಮ?"

"ಮಗಳು ಸ್ವಾಮಿ."

ಆದಿನಾರಾಯಣಪ್ಪ ಗಹಗಹಿಸಿ ನಕ್ಕ. "ಬಂಜೆಗೆ ಗುಡಾರದಲ್ಲಿ ಮಗಳು ಹುಟ್ಟವ್ಳೆ ಕೇಳ್ರಪ್ಪೋ! ಹೂಂ ಅನ್ನಿ ಅತ್ತಿಗೆ, ನಾಳೆಯಿಂದ ನಿಮ್ಮನೇಲಿ ಯಾರು ನೀರು ಮುಟ್ತಾರೆ ನೋಡ್ತೀನಿ." ಹೆಂಗಸರ ಗುಂಪಿನಲ್ಲಿ ಯಾರೋ "ಹುಳ ಹಿಡಿದ ಅಕ್ಕಿ ಮಗಳು" ಅಂದರು. ನಗು ಹಬ್ಬಿತು.

"ನೀವು ಹೇಳಿ ತಾಯಿ" ಅಂದರು ಅಧಿಕಾರಿ. "ಈಕೆ ನಿಮ್ಮವಳೇ? ಹೋದ ವರ್ಷ ನಿಮ್ಮ ಜೊತೆ ಕಳೆ ಕಿತ್ತದ್ದು ನಿಜವೇ?"

ಹೂಂ ಅಂದಿದ್ದರೆ ಸಾಕಿತ್ತು. ಎರಡೆಕರೆ ಉಳಿಯುತ್ತಿತ್ತು. ಮುನಿರತ್ನಮ್ಮ ನಗುವ ಮುಖಗಳನ್ನು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ನಗು ತನ್ನ ಮೇಲಿನದು ಅನ್ನುವುದೊಂದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಮಗಳಂತೆ ಮಗಳು! ಜಾಗ ಖಾಲಿ ಮಾಡ್ಸೋಕೆ ಒಂದು ಸೇರಕ್ಕಿ ಹಾಕ್ದೆ ಸ್ವಾಮಿ. ನಾಯಿಗೆ ಅನ್ನ ಹಾಕಿದ್ರೆ ಅದೂ ಮಗಳಾಗ್ಬಿಡ್ತದಾ? ನನ್ನ ಹೊಲದ ಕಳೆ ಕೀಳೋಕೆ ಗುಡಾರದೋರು ಬೇಕಾ?"

ಜನ ಹೋ ಅಂತ ನಕ್ಕರು. ಈ ಸಲ ನಗು ಇವಳ ಕಡೆಗಿತ್ತು, ಬಹಳ ಚೆನ್ನಾಗಿ ಬೈದಿದ್ದಳಲ್ಲ! ಅಧಿಕಾರಿ ಬರೆಯುತ್ತಿದ್ದದ್ದನ್ನು ನಿಲ್ಲಿಸಿ, ಆ ಸಾಲನ್ನು ಹೊಡೆದುಹಾಕಿದರು. ಮುತ್ಯಾಲಮ್ಮ ಕೂಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿಕೊಂಡು, "ತಪ್ಪಾಯ್ತು, ಬರ್ತೀನಿ ಅಮ್ಮೋರೆ" ಅಂದಳು. ಗುಂಪು ಬಿಟ್ಟ ದಾರಿಯಲ್ಲಿ ನಡೆದು ಹೋದಳು.

"ನಿಮ್ಮ ಕಡೆ ಹೇಳುವವರು ಬೇರೆ ಯಾರಾದರೂ ಇದ್ದಾರಾ?" ಅಧಿಕಾರಿ ಕೇಳಿದರು.

ಮುನಿರತ್ನಮ್ಮ ಸುತ್ತ ನೋಡಿದಳು. ಈಗಷ್ಟೇ ಅವಳ ಮಾತಿಗೆ ನಕ್ಕವರು ಒಬ್ಬೊಬ್ಬರಾಗಿ ನೆಲ ನೋಡಿದರು. ಗಂಡ ಎಲೆಗೆ ಸುಣ್ಣ ಸವರುತ್ತಿದ್ದ. ಮೈದುನ ಆಗಲೇ ಛತ್ರಿ ಬಿಚ್ಚಿಕೊಂಡು ಎದ್ದಿದ್ದ. ಆದೇಶದ ಕಾಗದ ಕೈಗೆ ಬಂದದ್ದು ತಿಂಗಳುಗಳ ಮೇಲೆ, ಹೊಲ ಹೋದದ್ದು ಮಾತ್ರ ಅವತ್ತೇ, ಅಲ್ಲೇ.

ಅವಳು ವರಾಂಡ ಇಳಿದು ಬರಿಗಾಲಲ್ಲಿ ರಸ್ತೆಗೆ ಓಡಿದಳು. ಮುತ್ಯಾಲಮ್ಮ ಹೊಸಕೋಟೆ ದಾರಿಯಲ್ಲಿ ಹುಣಸೆಮರ ದಾಟಿದ್ದಳು. ಊರೆಲ್ಲ ಕೇಳುವ ಹಾಗೆ, ಬೈಯುವಾಗಿನ ಅದೇ ಗಂಟಲಿನಲ್ಲಿ ಮುನಿರತ್ನಮ್ಮ ಕೂಗಿದಳು. "ಮಗಳೇ! ಏ ಮಗಳೇ! ನಿಂತ್ಕೊಳ್ಳೇ!"

ಆ ಕೂಗು ಮುತ್ಯಾಲಮ್ಮನಿಗೂ ಕೇಳಿಸಿತು. ಯಾರೋ ತಮ್ಮ ಮಗಳನ್ನು ಕರೆಯುತ್ತಿದ್ದಾರೆ ಅಂದುಕೊಂಡು ಅವಳು ಹೋಗುತ್ತಲೇ ಇದ್ದಳು.